ಒಂದು ಬುಷ್, ಮೂರು ಅಳತೆ: ಮನೆಯ ಲೇತ್‌ನಲ್ಲಿ ಕಾರಿನ ಪಾರ್ಟ್ ಹುಟ್ಟುವ ಬಗೆ

ನನ್ನ ಹಳೇ ಕಾರಿನ ಗೇರ್ ಲಿವರ್ ಬೀಳಲಿಕ್ಕೆ ಬಂದ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಗೇರ್ ಹಾಕಿದರೆ ಬಿದ್ದದ್ದು ಮೂರೋ ಐದೋ ಗೊತ್ತಾಗುತ್ತಿರಲಿಲ್ಲ. ಕಾರಿನ ಕೆಳಗೆ ಮಲಗಿ ನೋಡಿದೆ. ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜಿನ ಒಂದು ಪ್ಲಾಸ್ಟಿಕ್ ಬುಷ್, ಅಂದರೆ ತೂತಿನೊಳಗೆ ಕೂತು ಪಿನ್ನನ್ನು ಹಿಡಿಯುವ ಸಣ್ಣ ಕೊಳವೆ, ಸವೆದು ಒಂದು ಕಡೆ ಕಾಗದದಷ್ಟು ತೆಳುವಾಗಿತ್ತು. ಹೆಬ್ಬೆರಳ ತುದಿಯಷ್ಟು ವಸ್ತು. ಅದನ್ನು ಬಿಡಿಯಾಗಿ ಮಾರುವುದನ್ನು ತಯಾರಕರು ಯಾವತ್ತೋ ನಿಲ್ಲಿಸಿದ್ದರು. ಬೇಕಿದ್ದರೆ ಇಡೀ ಲಿಂಕೇಜ್ ಸೆಟ್ ಕೊಳ್ಳಬೇಕು, ಅದೂ ಸಿಕ್ಕರೆ. ಗ್ಯಾರೇಜಿನ ಮೂಲೆಯಲ್ಲಿ ಲೋಹವನ್ನು ತಿರುಗಿಸಿ ಕತ್ತರಿಸುವ ಸಣ್ಣದೊಂದು ಲೇತ್ ಇತ್ತು. ಒಂದು ಗಂಟೆಯ ಕೆಲಸ ಅಂದುಕೊಂಡು ಕೈ ಹಾಕಿದೆ. ಮೂರು ವಾರಾಂತ್ಯ ಹಿಡಿಯಿತು.

ಲೋಹ ಕತ್ತರಿಸಿದ್ದನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಗಂಟೆಯೂ ಆಗಲಿಕ್ಕಿಲ್ಲ. ಉಳಿದ ಹೊತ್ತೆಲ್ಲ ಹೋದದ್ದು ಅಳೆಯುವುದಕ್ಕೆ, ತುಂಡನ್ನು ದವಡೆಗಳಿಂದ ಹಿಡಿಯುವ ಚಕ್ಕಿನಲ್ಲಿ ಕೂರಿಸುವುದಕ್ಕೆ, ತಲೆ ಕೆರೆದುಕೊಳ್ಳುವುದಕ್ಕೆ. ಮನೆಯಲ್ಲಿ ಪಾರ್ಟ್ ಮಾಡುವುದೆಂದರೆ ದೊಡ್ಡ ಮೆಷಿನ್ ಇರಬೇಕು, ಕೈ ಪಳಗಿರಬೇಕು ಅಂತ ತುಂಬ ಜನ ತಿಳಿದಿರುತ್ತಾರೆ. ಅದು ಅರ್ಧ ನಿಜ. ಒಂದು ಪಾರ್ಟಿನಲ್ಲಿ ಹತ್ತಾರು ಅಳತೆ ಇರುತ್ತವೆ, ಆದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ನಿಂತಿರುವುದು ಎರಡೋ ಮೂರೋ ಅಳತೆಯ ಮೇಲೆ. ಅವು ಯಾವುವು ಅಂತ ಮೊದಲೇ ಗೊತ್ತಾದರೆ ಸಾಧಾರಣ ಲೇತ್ ಕೂಡ ಸಾಕು. ಗೊತ್ತಾಗದಿದ್ದರೆ ಎಂಥ ಮೆಷಿನ್ ಇದ್ದರೂ ಗುಜರಿಯ ರಾಶಿ ಬೆಳೆಯುತ್ತದೆ.

ನನ್ನ ಬುಷ್ಷನ್ನೇ ನೋಡಿ. ಹೊರ ವ್ಯಾಸ 16 ಮಿ.ಮೀ., ಒಳಗಿನ ತೂತು, ಅಂದರೆ ಬೋರ್, 10 ಮಿ.ಮೀ., ಉದ್ದ 20 ಮಿ.ಮೀ. ಒಂದು ತುದಿಗೆ 22 ಮಿ.ಮೀ. ಅಗಲದ ಕಾಲರ್. ಕಾಲರ್ 22ರ ಬದಲು 22.5 ಆದರೆ ಯಾರಿಗೂ ನಷ್ಟವಿಲ್ಲ. ಉದ್ದ ಸ್ವಲ್ಪ ಹೆಚ್ಚು ಕಮ್ಮಿ ಆದರೂ ನಡೆಯುತ್ತದೆ. ಹೊರ ವ್ಯಾಸ ಮಾತ್ರ ಲಿವರಿನ ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಬೋರಿನಲ್ಲಿ ಪಿನ್ ಅಲ್ಲಾಡದೆ ತಿರುಗಬೇಕು. ಮೂರನೆಯದು, ಈ ಎರಡು ವೃತ್ತಗಳ ಕೇಂದ್ರ ಒಂದೇ ಇರಬೇಕು. ಮೆಷಿನ್ ಆನ್ ಮಾಡುವ ಮೊದಲು ಈ ಮೂರನ್ನು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತುವುದು ಈಗ ನನಗೆ ರೂಢಿ.

ತಿರುಗುವುದು ಯಾವುದು?

ಮೆಷಿನ್‌ಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕತ್ತರಿಸಬೇಕಾದ ತುಂಡಿಗೆ ವರ್ಕ್‌ಶಾಪಿನಲ್ಲಿ ಜಾಬ್ ಅನ್ನುತ್ತಾರೆ. ಲೇತ್‌ನಲ್ಲಿ ಜಾಬ್ ತಿರುಗುತ್ತದೆ, ಟೂಲ್ ತಿರುಗದೆ ಅದರ ಪಕ್ಕದಲ್ಲಿ ಸರಿಯುತ್ತದೆ. ಮಿಲ್ಲಿಂಗ್ ಮೆಷಿನ್‌ನಲ್ಲಿ ತಿರುಗುವುದು ಟೂಲ್, ಜಾಬ್ ಟೇಬಲ್ ಮೇಲೆ ಕೂತು ಸರಿಯುತ್ತದೆ. ಹಾಗಾಗಿ ದುಂಡಗಿನದ್ದೆಲ್ಲ ಲೇತ್‌ಗೆ: ಬುಷ್, ಪಿನ್, ಸ್ಪೇಸರ್, ಪುಲ್ಲಿ, ಗೇರ್ ನಾಬ್. ಚಪ್ಪಟೆ ಇರುವುದು, ಮೂಲೆ ಇರುವುದು ಮಿಲ್‌ಗೆ: ಬ್ರಾಕೆಟ್, ಅಡಾಪ್ಟರ್ ಪ್ಲೇಟ್, ಮೌಂಟ್. ಎರಡರಲ್ಲಿ ಒಂದೇ ಕೊಳ್ಳಬೇಕು ಅಂದರೆ ನನ್ನ ಓಟು ಲೇತ್‌ಗೆ. ಬ್ರಾಕೆಟ್ಟನ್ನು ಗರಗಸ, ಅರ, ಡ್ರಿಲ್ ಇಟ್ಟುಕೊಂಡು ಹೇಗೋ ಮಾಡಬಹುದು. ದುಂಡಗಿನ ತೂತನ್ನು ಅರದಿಂದ ನಿಖರವಾಗಿ ಮಾಡುವುದು ನನ್ನ ಕೈಲಂತೂ ಆಗದ ಮಾತು.

ಟೂಲನ್ನು ಕೈಯಲ್ಲಿ ಹಿಡಿಯದೆ ಸ್ಲೈಡಿನ ಮೇಲೆ ಕೂರಿಸಿ, ಸ್ಕ್ರೂನಿಂದ ಸರಿಸುವ ಲೇತನ್ನು ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ 1800ರ ಸುಮಾರಿಗೆ ಚೆನ್ನಾಗಿ ಪಳಗಿಸಿದ. ಇವತ್ತು ಮನೆಯ ಮೂಲೆಯಲ್ಲಿ ಕೂತ ಲೇತ್‌ಗೂ ಮೈಕಟ್ಟು ಅದೇ.

10 ಮಿ.ಮೀ. ಅಂದರೆ ಎಷ್ಟು 10?

ಸರಿಯಾಗಿ 10 ಮಿ.ಮೀ. ತೂತಿಗೆ ಸರಿಯಾಗಿ 10 ಮಿ.ಮೀ. ಪಿನ್ ಹೋಗುವುದಿಲ್ಲ. ತಳ್ಳಿದರೆ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ತಿರುಗಬೇಕು ಅಂದರೆ ನಡುವೆ ಎಣ್ಣೆಗೆ ಜಾಗ ಬೇಕು. ಆ ಜಾಗ ಜಾಸ್ತಿಯಾದರೆ ಮೆಕ್ಯಾನಿಕ್‌ಗಳು 'ಪ್ಲೇ ಇದೆ' ಅನ್ನುತ್ತಾರಲ್ಲ, ಅದು ಬರುತ್ತದೆ. ಹಾಗಾದರೆ ಎಷ್ಟು ಜಾಗ?

ಇದಕ್ಕೆ ಐಎಸ್‌ಒ ಅನ್ನುವ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಪದ್ಧತಿಯೊಂದಿದೆ. ನೋಡಿದ ಕೂಡಲೇ ಹೆದರಿಸುತ್ತದೆ, ಒಳಗೆ ಸರಳ. ತೂತಿಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಅದರೊಳಗೆ ಹೋಗುವ ಶಾಫ್ಟ್‌ಗೆ ಸಣ್ಣ ಅಕ್ಷರ. ಅಳತೆ 10ರಿಂದ ಎಷ್ಟು ದೂರ ಅಂತ ಅಕ್ಷರ ಹೇಳುತ್ತದೆ. ತಪ್ಪಿಗೆ ಎಷ್ಟು ಅವಕಾಶ ಅಂತ ಪಕ್ಕದ ಅಂಕಿ ಹೇಳುತ್ತದೆ. ದೊಡ್ಡ ಎಚ್7 ಅಂದರೆ 10 ಮಿ.ಮೀ. ತೂತು 10.000ರಿಂದ 10.015ರ ಒಳಗೆ ಇರಬೇಕು. ಅದರಲ್ಲಿ ತಿರುಗುವ ಪಿನ್ ಸಣ್ಣ ಜಿ6 ಆದರೆ 9.986ರಿಂದ 9.995. ಇವೆರಡು ಹೇಗೇ ಜೊತೆಯಾದರೂ ನಡುವೆ 0.005ರಿಂದ 0.029 ಮಿ.ಮೀ. ಸಂದು ಉಳಿಯುತ್ತದೆ. ಮನುಷ್ಯನ ತಲೆಗೂದಲು ಹೆಚ್ಚುಕಡಿಮೆ 0.07 ಮಿ.ಮೀ. ದಪ್ಪ. ಅದರ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಪಿನ್ನೂ ಎಣ್ಣೆಯೂ ಸಂಸಾರ ಮಾಡಬೇಕು.

ಹೊರಗಡೆಯ ಕಥೆ ಇದಕ್ಕೆ ಉಲ್ಟಾ. ಲಿವರಿನ ತೂತು 16 ಎಚ್7, ಅಂದರೆ 16.000ರಿಂದ 16.018. ಅದರೊಳಗೆ ಒತ್ತಿ ಕೂರಿಸುವ ಬುಷ್ ಸಣ್ಣ ಪಿ6 ಆದರೆ 16.018ರಿಂದ 16.029. ತೂತಿಗಿಂತ ಬುಷ್ಷೇ ದಪ್ಪ. ಒತ್ತಿ ತುರುಕಿದರೆ ಅಂಟು, ಬೋಲ್ಟು ಏನೂ ಇಲ್ಲದೆ ಅಲ್ಲೇ ನಿಲ್ಲುತ್ತದೆ.

ಈ ಗೀಳು ಕಾರಿನ ಲೋಕಕ್ಕೆ ಅಂಟಿದ್ದು ಬಹಳ ಹಿಂದೆ. ಮೊದಮೊದಲ ಕಾರುಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಫಿಟ್ಟರ್ ಅರ ಹಿಡಿದು ಉಜ್ಜಿ ಉಜ್ಜಿ ಕೂರಿಸಬೇಕಿತ್ತು. 1908ರಲ್ಲಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿಸಿ, ಭಾಗಗಳನ್ನೆಲ್ಲ ಬೆರೆಸಿಬಿಟ್ಟರು. ಆ ರಾಶಿಯಿಂದಲೇ ಮತ್ತೆ ಮೂರು ಕಾರು ಕಟ್ಟಿಸಿ, ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ 500 ಮೈಲಿ ಓಡಿಸಿದರು. ಓಡಿದವು. ಕ್ಯಾಡಿಲಾಕ್‌ಗೆ ಕ್ಲಬ್ಬಿನ ಡ್ಯೂಯರ್ ಟ್ರೋಫಿ ಬಂತು.

ಇಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಕಾರ್ಖಾನೆ ಮಾಡಿದ ಬುಷ್ ಲಕ್ಷ ಲಿವರುಗಳಲ್ಲಿ ಯಾವುದಕ್ಕಾದರೂ ಕೂರಬೇಕು. ನಮ್ಮದು ಒಂದೇ ಲಿವರಿಗೆ ಕೂತರೆ ಸಾಕು. ಹಾಗಾಗಿ ಪಟ್ಟಿಯ ಅಳತೆ ಬೆನ್ನುಹತ್ತುವ ಬದಲು, ಕೈಯಲ್ಲಿರುವ ತೂತನ್ನು ಅಳೆದು ಅದಕ್ಕಿಂತ 0.02 ದಪ್ಪ ಬುಷ್ ಮಾಡಿದರೆ ಆಯಿತು. ತೂತು 16.04 ಇದ್ದರೂ ಚಿಂತೆಯಿಲ್ಲ, ಬುಷ್ 16.06 ಮಾಡುವುದು. ಒಂದೇ ಒಂದು ಪಾರ್ಟ್ ಮಾಡುವವನ ಸುಖ ಇದು.

ಸವೆದ ಪಾರ್ಟ್ ಸುಳ್ಳು ಹೇಳುತ್ತದೆ

ಹಳೇ ಬುಷ್ ಅಳೆದು ಅದೇ ಅಳತೆಗೆ ಹೊಸದು ಮಾಡಿದರೆ ಸವಕಲನ್ನೇ ನಕಲು ಮಾಡಿದ ಹಾಗಾಯಿತು. ಪಾರ್ಟಿನಲ್ಲಿ ಉಜ್ಜಾಟ ಆಗದ ಜಾಗ ಹುಡುಕಿ ಅಲ್ಲಿ ಅಳೆಯಬೇಕು. ಕಾಲರಿನ ಕೆಳಗಿನ ಮೂಲೆ, ಪಿನ್ನು ಮುಟ್ಟದ ತುದಿ, ಇಂಥವು. ಇನ್ನೊಂದು ಉಪಾಯ: ಪಾರ್ಟ್ ಡಿಸೈನ್ ಮಾಡಿದವರೂ ಮನುಷ್ಯರೇ. ಅವರು ಸಾಮಾನ್ಯವಾಗಿ ಇಡಿ ಸಂಖ್ಯೆ ಬರೆಯುತ್ತಾರೆ. ಕ್ಯಾಲಿಪರ್ 19.93 ತೋರಿಸಿದರೆ ಡ್ರಾಯಿಂಗಿನಲ್ಲಿ 20 ಇದ್ದಿರಬೇಕು. 12.70 ಅಂತ ಬಂದರೆ ಅದು ಅರ್ಧ ಇಂಚು.

ವರ್ನಿಯರ್ ಕ್ಯಾಲಿಪರ್ ಎಲ್ಲದಕ್ಕೂ ಸಾಕು ಅನ್ನುವುದು ಹೊಸಬರ ನಂಬಿಕೆ. ನನ್ನದೂ ಅದೇ ಇತ್ತು. ಉದ್ದ, ಕಾಲರ್, ತೂತುಗಳ ನಡುವಿನ ದೂರ ಇವಕ್ಕೆಲ್ಲ ಸಾಕು. ಆದರೆ 0.02 ಬಿಗಿ ಬೇಕಾದ ಕಡೆ, ಒತ್ತುವ ಕೈ ಸ್ವಲ್ಪ ಬದಲಾದರೆ 0.03 ಆಚೀಚೆ ತೋರಿಸುವ ಉಪಕರಣ ಏನು ಮಾಡೀತು? ಸಣ್ಣ ಬೋರಿನಲ್ಲಂತೂ ಅದರ ಒಳ ದವಡೆಗಳ ಅಂಚು ಚಪ್ಪಟೆ ಇರುವುದರಿಂದ ನಿಜಕ್ಕಿಂತ ಕಮ್ಮಿಯೇ ತೋರಿಸುತ್ತದೆ. ಹೊರ ವ್ಯಾಸಕ್ಕೆ ಮೈಕ್ರೋಮೀಟರ್ ಬೇಕು. ಅದರ ಗುಟ್ಟು ಚೆಂದ ಇದೆ: ಒಳಗಿನ ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಮುಂದೆ ಹೋಗುತ್ತದೆ, ಸುತ್ತಲೂ 50 ಗೀರು ಹಾಕಿರುತ್ತಾರೆ. ಒಂದು ಗೀರು ಅಂದರೆ 0.01 ಮಿ.ಮೀ. ಅಷ್ಟೇ. ಬೋರ್ ಅಳೆಯಲು ಟೆಲಿಸ್ಕೋಪಿಕ್ ಗೇಜ್ ಒಳಗಿಟ್ಟು, ಬಿಗಿ ಮಾಡಿ, ಹೊರತೆಗೆದು ಮೈಕ್ರೋಮೀಟರ್‌ನಲ್ಲಿ ನೋಡುತ್ತೇನೆ. ಒಂದೇ ಬೋರನ್ನು ಐದು ಸಲ ಅಳೆಯುತ್ತೇನೆ. ಐದರಲ್ಲಿ ನಾಲ್ಕು ಒಂದೇ ಬಂದರೆ ನಂಬುತ್ತೇನೆ.

ಬಿಸಿಯನ್ನು ಮರೆಯಬಾರದು. ಅಳತೆಗಳನ್ನೆಲ್ಲ ಜಗತ್ತು ಒಪ್ಪಿಕೊಂಡಿರುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧ. ಲೇತ್‌ನಲ್ಲಿ ಈಗಷ್ಟೇ ಕತ್ತರಿಸಿದ, ಮುಟ್ಟಿದರೆ ಚುರುಕ್ಕೆನ್ನುವ 100 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ರಿಂಗು 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 0.07 ಮಿ.ಮೀ. ದೊಡ್ಡದಾಗಿರುತ್ತದೆ. ಒಂದು ಕೂದಲೆಳೆ. ಆಗ ಅಳೆದು 'ಸರಿಯಿದೆ' ಅಂತ ಬಿಚ್ಚಿದರೆ, ತಣ್ಣಗಾದ ಮೇಲೆ ಲೂಸ್. ಸುಮ್ನೆ ಹತ್ತು ನಿಮಿಷ ಬಿಟ್ಟು ಅಳೆಯುವುದೇ ಮೇಲು.

ಯಾವ ಲೋಹ?

ಬುಷ್‌ಗೆ ನಾನು ಆರಿಸಿದ್ದು ಕಂಚು, ವರ್ಕ್‌ಶಾಪಿನವರು ಗನ್‌ಮೆಟಲ್ ಅನ್ನುವ ಬಗೆ. ಉಕ್ಕಿನ ಪಿನ್ ಮೇಲೆ ಅದು ಕಚ್ಚದೆ ಜಾರುತ್ತದೆ. ಸವೆದರೆ ಪಿನ್ನಿಗಿಂತ ಮೊದಲು ತಾನು ಸವೆಯುತ್ತದೆ, ಬುಷ್ ಇರುವುದೇ ಅದಕ್ಕೆ ಅಲ್ವಾ. ಅಸೆಟಲ್ ಪ್ಲಾಸ್ಟಿಕ್ಕೂ ಒಳ್ಳೆಯದೇ, ಬೆಣ್ಣೆಯ ಹಾಗೆ ಕತ್ತರಿಸಬಹುದು. ನೈಲಾನ್ ಬೇಡ ಅನ್ನುತ್ತೇನೆ. ಅದು ತೇವ ಹೀರಿ ಊದಿಕೊಳ್ಳುತ್ತದೆ. ನೂರನೇ ಒಂದು ಮಿಲಿಮೀಟರ್ ಲೆಕ್ಕ ಹಾಕಿ ಮಾಡಿದ ಬೋರ್ ಮಳೆಗಾಲಕ್ಕೊಂದು, ಬೇಸಿಗೆಗೊಂದು ಅಳತೆ ತೋರಿಸಿದರೆ ಏನು ಮಾಡುವುದು.

ಬ್ರಾಕೆಟ್, ಸ್ಪೇಸರ್‌ಗಳಿಗೆ ಎಲ್ಲರೂ ಅಲ್ಯೂಮಿನಿಯಂ ಅನ್ನುತ್ತಾರೆ. 6061-ಟಿ6 ಅನ್ನುವ ಬಗೆ ಮನೆಯ ಮೆಷಿನ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಬಲ ಸಾಧಾರಣ ಮೈಲ್ಡ್ ಸ್ಟೀಲಿನ ಹತ್ತಿರ, ತೂಕ ಮೂರನೇ ಒಂದು. ಇಷ್ಟು ಕೇಳಿ ಹಿಗ್ಗಬೇಡಿ, ಬಿಗುವೂ ಮೂರನೇ ಒಂದೇ. ಉಕ್ಕಿನ ಬ್ರಾಕೆಟ್ಟಿನ ಅಳತೆಯಲ್ಲೇ ಅಲ್ಯೂಮಿನಿಯಂ ಬ್ರಾಕೆಟ್ ಮಾಡಿದರೆ ಅದೇ ಭಾರಕ್ಕೆ ಮೂರು ಪಟ್ಟು ಬಾಗುತ್ತದೆ. ದಪ್ಪ ಹೆಚ್ಚಿಸಲೇಬೇಕು. ಇನ್ನೊಂದು ವಿಷಯ, ಅಲ್ಯೂಮಿನಿಯಂ ಆಯಾಸ ಮರೆಯುವುದಿಲ್ಲ. ಉಕ್ಕಿನಲ್ಲಿ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಕೋಟಿ ಸಲ ಅಲ್ಲಾಡಿಸಿದರೂ ತಡೆಯುತ್ತದೆ ಅಂತ ಲೆಕ್ಕ ಹಾಕಬಹುದು. ಅಲ್ಯೂಮಿನಿಯಂಗೆ ಅಂಥ ಸುರಕ್ಷಿತ ಗೆರೆ ಇಲ್ಲ. ಸಣ್ಣ ಅಲುಗಾಟವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಇಂಜಿನ್ ಪಕ್ಕದಲ್ಲಿ ಸದಾ ನಡುಗುವ ಬ್ರಾಕೆಟ್‌ಗೆ ಇದು ಸಣ್ಣ ಮಾತಲ್ಲ.

ಬಿರುಕು ಎಲ್ಲಿಂದ ಹುಟ್ಟುತ್ತದೆ ಅಂತ ನೋಡಿದರೆ ಹೆಚ್ಚಿನ ಸಲ ಒಳಮೂಲೆಯಿಂದ. ಅಗಲವಾದ ಪಟ್ಟಿಯನ್ನು ಎರಡೂ ಕಡೆ ಎಳೆದಾಗ, ನಡುವೆ ಒಂದು ದುಂಡಗಿನ ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ದುಂಡಗಿನ ತೂತಿಗೇ ಇಷ್ಟು. ಚೂಪಾದ ಮೂಲೆಯಾದರೆ ಇನ್ನೂ ಜಾಸ್ತಿ. ಒಳಮೂಲೆಗಳನ್ನು ಚೂರಾದರೂ ದುಂಡಗೆ ಮಾಡಿ ಅನ್ನುವುದು ಚೆಂದಕ್ಕಲ್ಲ.

ಗುಜರಿಯಿಂದ ತಂದ, ಹೆಸರಿಲ್ಲದ ಲೋಹವನ್ನು ಗೇರ್ ನಾಬ್‌ಗೆ ಬಳಸಿ, ಸಂತೋಷ. ಭಾರ ಹೊರುವ ಯಾವುದಕ್ಕೂ ಬೇಡ.

ವೇಗದ ಲೆಕ್ಕ

'ಎಷ್ಟು ಆರ್‌ಪಿಎಂ ಇಡಲಿ?' ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಟೂಲಿಗೆ ಆರ್‌ಪಿಎಂ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಮೂತಿಯ ಮುಂದೆ ನಿಮಿಷಕ್ಕೆ ಎಷ್ಟು ಮೀಟರ್ ಲೋಹ ಹಾದುಹೋಯಿತು ಅನ್ನುವುದು. ಹೈಸ್ಪೀಡ್ ಸ್ಟೀಲ್ ಟೂಲಿಗೆ ಮೈಲ್ಡ್ ಸ್ಟೀಲ್ ಆದರೆ ನಿಮಿಷಕ್ಕೆ 28 ಮೀಟರ್ ಆಸುಪಾಸು, ಅಲ್ಯೂಮಿನಿಯಂ ಆದರೆ 75 ಅಥವಾ ಅದಕ್ಕೂ ಮೇಲೆ. ಕಾರ್ಬೈಡ್ ಟೂಲು ಇದರ ಮೂರು ಪಟ್ಟು ತಡೆಯುತ್ತದೆ. ಈ ಮೀಟರನ್ನು 320ರಿಂದ ಗುಣಿಸಿ, ಜಾಬಿನ ವ್ಯಾಸದಿಂದ ಭಾಗಿಸಿದರೆ ಆರ್‌ಪಿಎಂ ಬರುತ್ತದೆ. 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡಿಗೆ 28 ಗುಣಿಸು 320 ಭಾಗಿಸು 25, ಅಂದರೆ ಸುಮಾರು 360. ಅದೇ ದಪ್ಪದ ಅಲ್ಯೂಮಿನಿಯಂಗೆ 960. ವ್ಯಾಸ ದೊಡ್ಡದಾದಷ್ಟೂ ಆರ್‌ಪಿಎಂ ಇಳಿಯಬೇಕು. ತಲೆಯಲ್ಲಿ ಇಷ್ಟಿದ್ದರೆ ಸಾಕು, ಉಳಿದದ್ದನ್ನು ಕಿವಿ ಹೇಳುತ್ತದೆ.

ಅಲ್ಯೂಮಿನಿಯಂಗೆ ಟೂಲಿನ ತುದಿಗೆ ಅಂಟಿಕೊಳ್ಳುವ ಚಟ ಇದೆ. ಅಂಟಿದ ಚೂರೇ ಮುಂದೆ ಟೂಲಿನ ಹಾಗೆ ವರ್ತಿಸಿ ಮೈಯೆಲ್ಲ ಗೀಚುತ್ತದೆ. ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟರೆ ಬಿಡುತ್ತದೆ, ಬಿಸಿಯಾಗಿ ಹೊಗೆಯೇಳುವಷ್ಟು ಸುರಿಯಬೇಡಿ. ಎರಕದ ಕಬ್ಬಿಣಕ್ಕೆ ಏನೂ ಬೇಡ, ಒಣದೇ ಚೆನ್ನ.

ಹಿಡಿಸುವುದೇ ಅರ್ಧ ಕೆಲಸ

ಈಗ ಕೆಂಪು ಪೆನ್ನಿನ ಮೂರನೇ ಅಳತೆ: ಎರಡು ವೃತ್ತ, ಒಂದೇ ಕೇಂದ್ರ. ಮೂರು ದವಡೆಯ ಚಕ್ ಜಾಬನ್ನು ತಾನೇ ನಡುವಿಗೆ ತಂದು ಹಿಡಿಯುತ್ತದೆ, ಆದರೆ ಸರಿಯಾಗಿ ನಡುವಿಗಲ್ಲ. ಮನೆಯ ಲೇತ್‌ಗಳಲ್ಲಿ 0.05ರಿಂದ 0.1 ಮಿ.ಮೀ. ಓಲಾಟ ಮಾಮೂಲು. ಒಂದು ಕಡೆ ಹೊರ ವ್ಯಾಸ ಕತ್ತರಿಸಿ, ಬಿಚ್ಚಿ, ಮಗುಚಿ ಹಿಡಿದು ಬೋರ್ ಮಾಡಿದರೆ ಅಷ್ಟೂ ಓಲಾಟ ಬುಷ್ಷಿನೊಳಗೆ ಬಂದು ಕೂರುತ್ತದೆ. ನಾಲ್ಕು ದವಡೆಯ ಚಕ್ಕಿನಲ್ಲಿ ಒಂದೊಂದು ದವಡೆಯನ್ನೂ ಬೇರೆಯಾಗಿ ಸರಿಸಬಹುದು. ಡಯಲ್ ಗೇಜ್ ಇಟ್ಟು, ಮುಳ್ಳು ಅಲುಗದ ತನಕ ಹೊಂದಿಸಬಹುದು. ತಾಳ್ಮೆ ಬೇಕು.

ಇದಕ್ಕಿಂತ ಸುಲಭದ ದಾರಿ ಇದೆ. ಬಿಚ್ಚಲೇಬೇಡಿ. ರಾಡನ್ನು ಒಮ್ಮೆ ಹಿಡಿದು ಹೊರ ವ್ಯಾಸ, ಕಾಲರ್, ಬೋರ್ ಎಲ್ಲವನ್ನೂ ಅದೇ ಹಿಡಿತದಲ್ಲಿ ಮುಗಿಸಿ, ಕಡೆಗೆ ಪಾರ್ಟಿಂಗ್ ಟೂಲಿನಿಂದ ಕತ್ತರಿಸಿ ಕೆಳಗಿಳಿಸಿ. ಚಕ್ ಎಷ್ಟೇ ಓಲಾಡಲಿ, ಎರಡೂ ವೃತ್ತ ಹುಟ್ಟಿದ್ದು ಒಂದೇ ತಿರುಗಾಟದಲ್ಲಿ. ಕೇಂದ್ರ ತಾನಾಗಿ ಒಂದೇ. ಪಾರ್ಟಿನ ಯಾವ ಮೈಗಳು ಒಂದಕ್ಕೊಂದು ಸಂಬಂಧ ಇಟ್ಟುಕೊಂಡಿವೆಯೋ ಅವೆಲ್ಲ ಒಂದೇ ಹಿಡಿತದಲ್ಲಿ ಆಗಬೇಕು. ಕೆಲಸದ ಕ್ರಮ ಯೋಚಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ.

ಟೂಲು ಹೊರಚಾಚಿದಷ್ಟೂ ತೊಂದರೆ. ಚಾಚು ಎರಡು ಪಟ್ಟಾದರೆ ಬಾಗುವಿಕೆ ಎಂಟು ಪಟ್ಟಾಗುತ್ತದೆ. ತೂತಿನೊಳಗೆ ಹೋಗಿ ಕತ್ತರಿಸುವ ಬೋರಿಂಗ್ ಬಾರ್ ಉಕ್ಕಿನದ್ದಾದರೆ ತನ್ನ ದಪ್ಪದ ನಾಲ್ಕು ಪಟ್ಟಿಗಿಂತ ಜಾಸ್ತಿ ಚಾಚಬಾರದು. ಚಾಚಿದರೆ ಕಿರ್ರೆಂದು ಕೂಗಿ, ಬೋರಿನ ಮೈಮೇಲೆ ಅಲೆ ಅಲೆ ಗುರುತು ಬಿಡುತ್ತದೆ.

ಮೊದಲನೇ ಬುಷ್, ಎರಡನೇ ಬುಷ್

ಮೊದಲನೇ ವಾರಾಂತ್ಯದ ಬುಷ್ ಕೆಟ್ಟದ್ದು ಶುದ್ಧ ಅವಸರಕ್ಕೆ. ಹೊರ ವ್ಯಾಸ 16.22 ಇತ್ತು, 16.02 ಬೇಕಿತ್ತು. 0.2 ತೆಗೆಯಬೇಕು ಅಂತ ಹ್ಯಾಂಡಲ್ಲಿನ ಡಯಲ್ ಮೇಲೆ 0.2 ತಿರುಗಿಸಿದೆ. ನನ್ನ ಲೇತಿನ ಡಯಲ್ ತೋರಿಸುವುದು ಟೂಲು ಎಷ್ಟು ಒಳಗೆ ಹೋಯಿತು ಅಂತ. ಜಾಬ್ ತಿರುಗುತ್ತಿರುವುದರಿಂದ ಎರಡೂ ಕಡೆಯಿಂದ 0.2 ಹೋಯಿತು. ಬುಷ್ 15.82 ಆಗಿ, ಲಿವರಿನ ತೂತಿನಲ್ಲಿ ಗಂಟೆಯ ನಾಲಿಗೆಯ ಹಾಗೆ ಆಡುತ್ತಿತ್ತು. ಕೆಲವು ಲೇತ್‌ಗಳಲ್ಲಿ ಡಯಲ್ಲೇ ವ್ಯಾಸದ ಲೆಕ್ಕದಲ್ಲಿರುತ್ತದೆ. ನಿಮ್ಮದು ಯಾವ ಜಾತಿ ಅಂತ ಒಂದು ಬೇಡದ ತುಂಡಿನ ಮೇಲೆ ನೋಡಿಕೊಳ್ಳಿ.

ಹ್ಯಾಂಡಲ್ಲಿನ ಇನ್ನೊಂದು ಚಾಳಿಯನ್ನೂ ಇಲ್ಲೇ ಹೇಳಬೇಕು. ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲ ಇರುತ್ತದೆ, ಅದಕ್ಕೆ ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ಮುಂದೆ ತಿರುಗಿಸಿ ಜಾಸ್ತಿಯಾಯಿತೆಂದು ಅಷ್ಟೇ ಹಿಂದೆ ತಿರುಗಿಸಿದರೆ ಡಯಲ್ ಹಿಂದೆ ಹೋಗುತ್ತದೆ, ಟೂಲು ಅಲ್ಲೇ ಕೂತಿರುತ್ತದೆ. ಅರ್ಧ ಸುತ್ತು ಹಿಂದೆ ಬಂದು, ಮತ್ತೆ ಮುಂದಕ್ಕೇ ಬಂದು ಗುರುತಿಗೆ ನಿಲ್ಲಿಸಬೇಕು.

ಎರಡನೇ ವಾರ ಹುಷಾರಾಗಿದ್ದೆ. ಕಡೆಯ ಅರ್ಧ ಮಿಲಿಮೀಟರನ್ನು ಮೂರು ಸಮನಾದ ಕಟ್‌ಗಳಲ್ಲಿ ತೆಗೆದೆ, ಪ್ರತಿ ಕಟ್ಟಿನ ನಂತರ ಅಳೆದೆ. ಕಟ್ ಸಮನಾಗಿದ್ದರೆ ಟೂಲು ಬಾಗುವುದೂ ಸಮನಾಗಿರುತ್ತದೆ, ಹಾಗಾಗಿ ಮೂರನೆಯದು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಮೊದಲೇ ಹೇಳಬಹುದು. ಕಡೆಯಲ್ಲಿ 0.01ರಷ್ಟು ಕೆರೆಯೋಣ ಅಂತ ಉಳಿಸಿಕೊಂಡರೆ ಟೂಲು ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಬೋರಿಗೂ ಕ್ರಮ ಇದೆ. ಡ್ರಿಲ್ ತನ್ನಿಷ್ಟ ಬಂದ ಕಡೆ ಹೋಗುತ್ತದೆ, ತೂತು ಪೂರ್ತಿ ದುಂಡಗೂ ಇರುವುದಿಲ್ಲ. ಹಾಗಾಗಿ 9 ಮಿ.ಮೀ.ಗೆ ಡ್ರಿಲ್ ಮಾಡಿ, ಬೋರಿಂಗ್ ಬಾರ್‌ನಿಂದ 9.8ಕ್ಕೆ ತಂದು ನೆಟ್ಟಗೆ ಮಾಡಿ, ಕಡೆಗೆ ತೂತಿನ ಗೋಡೆಯನ್ನು ಒಂಚೂರು ಕೆರೆದು ಅಳತೆಗೆ ತರುವ 10ರ ರೀಮರ್ ಹಾಯಿಸಿದೆ. ರೀಮರ್ ಅಳತೆಯನ್ನು ಸರಿಮಾಡುತ್ತದೆ, ದಾರಿಯನ್ನಲ್ಲ. ಡ್ರಿಲ್ ಸೊಟ್ಟಗೆ ಹೋಗಿದ್ದರೆ ರೀಮರ್ ಅದೇ ಸೊಟ್ಟ ದಾರಿಯಲ್ಲಿ ಹೋಗುತ್ತದೆ.

ಬುಷ್ ಕೈಯಲ್ಲಿತ್ತು. ಹೊರಗೆ 16.03, ಒಳಗೆ 10.01. ಪಿನ್ ಹಾಕಿದರೆ ಎಣ್ಣೆ ಸವರಿದ ಹಾಗೆ ನಯವಾಗಿ ಇಳಿಯಿತು. ಅದನ್ನು ವೈಸ್‌ನಲ್ಲಿಟ್ಟು ಲಿವರಿನ ತೂತಿಗೆ ಒತ್ತಿದೆ, ಚೆನ್ನಾಗಿ ಬಿಗಿಯಾಗಿ ಕೂತಿತು. ಪಿನ್ ಹಾಕಿದೆ. ಹೋಗಲಿಲ್ಲ. ಒಂದು ನಿಮಿಷದ ಹಿಂದೆ ಹೋಗಿದ್ದ ಪಿನ್!

ಯೋಚಿಸಿದರೆ ಇದು ಆಗಲೇಬೇಕಾದದ್ದು. ತನಗಿಂತ ಚಿಕ್ಕ ತೂತಿಗೆ ಬುಷ್ಷನ್ನು ತುರುಕಿದ್ದೇನೆ. ಹೊರಗೆ ಜಾಗವಿಲ್ಲ. ಅದು ಹೋಗುವುದಾದರೂ ಎಲ್ಲಿಗೆ? ಒಳಕ್ಕೆ. ತೆಳು ಗೋಡೆಯ ಬುಷ್ಷಿನಲ್ಲಿ, ಹೊರಗಡೆ ಎಷ್ಟು ಬಿಗಿ ಕೊಡುತ್ತೇವೋ ಅದರ ಬಹುಪಾಲು ಬೋರಿನಲ್ಲಿ ಕಮ್ಮಿಯಾಗುತ್ತದೆ. 10.01 ಇದ್ದ ಬೋರು 9.98ರ ಹತ್ತಿರ ಬಂದಿತ್ತು. ಒಂದು ಅಳತೆಯನ್ನು ಸರಿಮಾಡಲು ಹೋಗಿ ಇನ್ನೊಂದನ್ನು ನಾನೇ ಬದಲಾಯಿಸಿದ್ದೆ. ಮದ್ದು ಸುಲಭ: ಮೊದಲು ಒತ್ತು, ಆಮೇಲೆ ರೀಮರ್ ಹಾಯಿಸು. ರೀಮರನ್ನು ಕೈಯಿಂದ ನಿಧಾನವಾಗಿ, ಕತ್ತರಿಸುವ ದಿಕ್ಕಿನಲ್ಲೇ ತಿರುಗಿಸುತ್ತಾ ಇಳಿಸಿ, ಅದೇ ದಿಕ್ಕಿನಲ್ಲಿ ತಿರುಗಿಸುತ್ತಾ ಹೊರತೆಗೆದೆ. ಹಿಂದೆ ತಿರುಗಿಸಿದರೆ ಅದರ ಅಂಚು ಮೊಂಡಾಗುತ್ತದೆ.

ಮಿಲ್ ಮೇಲಿನ ಕೆಲಸ, ಚುಟುಕಾಗಿ

ಅಡಾಪ್ಟರ್ ಪ್ಲೇಟಿನಂಥ ಕೆಲಸದಲ್ಲಿ ಮುಖ್ಯ ಅಳತೆ ಬೇರೆ. ಅಂಚು ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ತೂತುಗಳು ಒಂದಕ್ಕೊಂದು ಎಷ್ಟು ದೂರ ಇವೆ, ಪ್ಲೇಟಿನ ಎರಡು ಮೈ ಸಮಾನಾಂತರ ಇವೆಯೇ, ಇವಿಷ್ಟೇ. ಒಂದು ಮೂಲೆಯನ್ನು ಸೊನ್ನೆ ಅಂತ ಇಟ್ಟುಕೊಂಡು ಎಲ್ಲ ತೂತುಗಳನ್ನೂ ಅಲ್ಲಿಂದಲೇ ಅಳೆಯಬೇಕು. ಮೊದಲನೆಯದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು ಅಂತ ಹೋದರೆ ತಪ್ಪಿನ ಮೇಲೆ ತಪ್ಪು ಪೇರಿಸುತ್ತದೆ. ಥ್ರೆಡ್ಡಿಗೆ ಡ್ರಿಲ್ ಆರಿಸುವ ಸೂತ್ರ: ಬೋಲ್ಟಿನ ವ್ಯಾಸದಿಂದ ಪಿಚ್, ಅಂದರೆ ಥ್ರೆಡ್ಡಿನ ಒಂದು ಏಣಿನಿಂದ ಮುಂದಿನದಕ್ಕಿರುವ ದೂರ, ಕಳೆಯಿರಿ. ಎಂ10, ಅಂದರೆ 10 ಮಿ.ಮೀ. ಬೋಲ್ಟಿನ ಪಿಚ್ 1.5, ಡ್ರಿಲ್ 8.5. ಎಂ6ರ ಪಿಚ್ 1, ಡ್ರಿಲ್ 5. ಅಲ್ಯೂಮಿನಿಯಂನಲ್ಲಿ ಥ್ರೆಡ್ಡಿನ ಆಳ ಬೋಲ್ಟಿನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಇರಲಿ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಇದ್ದರೆ ತೂತುಗಳ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಿಡಿತ, ಟೂಲು, ಬಿಸಿ ಇವೆಲ್ಲ ನಿಮ್ಮ ತಲೆಗೇ. 3ಡಿ ಪ್ರಿಂಟರ್ ಇದ್ದರೆ ಲೋಹ ಮುಟ್ಟುವ ಮೊದಲು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಒಂದು ತೆಗೆದು ಕಾರಿಗೆ ಹಿಡಿದು ನೋಡಿ. ಪಕ್ಕದ ಪೈಪಿಗೆ ತಾಗುತ್ತದೆ, ಸ್ಪಾನರ್ ಹೋಗಲು ಜಾಗವಿಲ್ಲ ಅನ್ನುವುದೆಲ್ಲ ಆಗಲೇ ಗೊತ್ತಾಗುತ್ತದೆ. ಅದನ್ನೇ ಕಾರಿನಲ್ಲಿ ಬಿಡಬೇಡಿ, ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಡ್ಯಾಶ್‌ಬೋರ್ಡ್ ಅಷ್ಟು ಬಿಸಿಯಾಗಬಲ್ಲದು.

ಮುಟ್ಟಬಾರದ್ದು

ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ನಿನ ಭಾರ ಹೊರುವ ಭಾಗಗಳನ್ನು ನಾನು ಮನೆಯಲ್ಲಿ ಮಾಡುವುದಿಲ್ಲ. ಅಳತೆ ಸರಿಬರುವುದಿಲ್ಲ ಅಂತಲ್ಲ, ಬರಬಹುದು. ಆದರೆ ಕಣ್ಣಿಗೆ ಕಾಣದ್ದು ಬಹಳ ಇದೆ. ಒಂದು ಬೋಲ್ಟನ್ನೇ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ಥ್ರೆಡ್ಡನ್ನು ಕತ್ತರಿಸುವುದಿಲ್ಲ, ಒತ್ತಿ ಉರುಳಿಸಿ ಮೂಡಿಸುತ್ತಾರೆ. ಲೋಹದ ಎಳೆಗಳು ತುಂಡಾಗದೆ ಥ್ರೆಡ್ಡಿನ ಜೊತೆ ಬಾಗುತ್ತವೆ, ಬುಡ ಗಟ್ಟಿಯಾಗುತ್ತದೆ. ಲೇತ್‌ನಲ್ಲಿ ಅದೇ ಉಕ್ಕಿನಿಂದ ಕತ್ತರಿಸಿದ ಬೋಲ್ಟು ನೋಡಲು ಅವಳಿಯ ಹಾಗಿರುತ್ತದೆ, ಪದೇಪದೇ ಎಳೆತ ಬಿದ್ದರೆ ಬೇಗ ಮುರಿಯುತ್ತದೆ. ತಲೆಯ ಮೇಲೆ 8.8 ಅಂತ ಬರೆದಿದ್ದರೆ 800 ಮೆಗಾಪ್ಯಾಸ್ಕಲ್ ಬಲ, ಅದರ 80 ಪರ್ಸೆಂಟಿನ ತನಕ ಶಾಶ್ವತವಾಗಿ ಹಿಗ್ಗುವುದಿಲ್ಲ ಅಂತ ಅರ್ಥ. ಆ ಮಾತನ್ನು ಪರೀಕ್ಷೆ ಮಾಡಿ ಬರೆದಿರುತ್ತಾರೆ. ನಾನು ಮಾಡಿದ ಬೋಲ್ಟಿನ ತಲೆಯ ಮೇಲೆ ಏನಂತ ಬರೆಯಲಿ?

ಚಕ್ಕಿನ ಕೀಲಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಅದನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಿದೆ. ಕಿವಿಯ ಪಕ್ಕದಲ್ಲೇ ಹಾರಿ ಹಿಂದಿನ ಗೋಡೆಯ ಗಾರೆ ಕಿತ್ತುಹಾಕಿತು. ಅವತ್ತಿಂದ ಒಂದು ನಿಯಮ: ಕೀಲಿ ಚಕ್ಕಿನಲ್ಲಿದ್ದರೆ ಕೈ ಕೀಲಿಯ ಮೇಲೆ ಇರಬೇಕು, ಕೈ ತೆಗೆದರೆ ಕೀಲಿಯೂ ಬರಬೇಕು. ತಿರುಗುವ ಮೆಷಿನ್ ಹತ್ತಿರ ಗ್ಲೌಸ್ ಬೇಡ, ಅದು ಕೈಯನ್ನು ಕಾಪಾಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ತುಂಬುತೋಳು, ಸರ, ಇಳಿಬಿಟ್ಟ ಕೂದಲು ಯಾವುದೂ ಬೇಡ. ಕನ್ನಡಕ ಬೇಕೇ ಬೇಕು. ಸುರುಳಿ ಸುರುಳಿಯಾಗಿ ಬರುವ ಚೂರನ್ನು ಕೈಯಿಂದ ಎಳೆಯಬೇಡಿ, ಬ್ಲೇಡಿಗಿಂತ ಚೂಪು.

ಮೂರನೇ ವಾರ

ರೀಮರ್ ಹಾಯಿಸಿದ ಬುಷ್ ಕಾರಿಗೆ ಹೋಯಿತು. ಗೇರ್ ಲಿವರ್ ಎಷ್ಟೋ ವಾಸಿಯಾಯಿತು, ಆದರೆ ಎಲ್ಲೋ ಒಂಚೂರು ಪ್ಲೇ ಉಳಿದೇ ಇತ್ತು. ಮುಂದಕ್ಕೆ ಹಿಂದಕ್ಕೆ ಆಡಿಸಿದರೆ ಇದೆ, ಪಕ್ಕಕ್ಕೆ ಆಡಿಸಿದರೆ ಇಲ್ಲ. ಲಿವರ್ ಬಿಚ್ಚಿ ಬುಷ್ಷನ್ನು ಮತ್ತೆ ಅಳೆದೆ. ಬೋರ್ ಎಲ್ಲಾ ದಿಕ್ಕಿನಲ್ಲೂ 10.01. ಹೊರಗೆ ಮಿಸುಕಾಡುತ್ತಿರಲಿಲ್ಲ.

ಆಮೇಲೆ ಪಿನ್ನಿನ ಕಡೆ ಕಣ್ಣು ಹೋಯಿತು. ಮೊದಲ ದಿನವೇ ಅಳೆದಿದ್ದೆ, 9.98 ಅಂತ ಕಾಗದದ ಮೇಲೆ ಬರೆದದ್ದೂ ಇತ್ತು. ಮೈಕ್ರೋಮೀಟರಿನಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿ ನೋಡಿದೆ. 9.91. ಇಷ್ಟು ವರ್ಷ ಒಂದೇ ದಿಕ್ಕಿನಲ್ಲಿ ತಳ್ಳಿಸಿಕೊಂಡು ಅದೂ ಮೊಟ್ಟೆಯ ಹಾಗೆ ಸವೆದಿತ್ತು. ನಾನು ಅಳೆದಿದ್ದು ಸವೆಯದ ಬದಿಯನ್ನು ಮಾತ್ರ. ಸಾಣೆ ಹಿಡಿದು ಅಳತೆಗೆ ತಂದ, ಗ್ರೌಂಡ್ ಅನ್ನುವ ಬಗೆಯ 10 ಮಿ.ಮೀ. ಉಕ್ಕಿನ ರಾಡಿನ ಒಂದು ತುಂಡು ಡಬ್ಬಿಯಲ್ಲಿತ್ತು, ಯಾವ ಕಡೆ ತಿರುಗಿಸಿ ಅಳೆದರೂ 9.99. ಅಳತೆಗೆ ಕತ್ತರಿಸಿ, ತುದಿಯ ಚೂಪು ಅಂಚು ಉಜ್ಜಿ, ಸ್ಪ್ಲಿಟ್ ಪಿನ್ನಿಗೆ ತೂತು ಹಾಕಿದೆ. ಇಪ್ಪತ್ತು ನಿಮಿಷ ಹಿಡಿಯಿತು.